ಕುರುಡೆಣಿಕೆ

ಹೋದ ವಾರ ಹದಿನಾಲ್ಕು ಕಡಿಮೆ ಇದ್ದದ್ದು ಈ ವಾರ ಇಪ್ಪತ್ತೆರಡಾಗಿತ್ತು.

ಏಣಿಯ ಮೇಲಿಂದ ಟ್ಯಾಲಿ ಸರ್ ಕೆಳಗೆ ನಿಂತವರಿಗೆ ಮೂರನೆಯ ಸಲವೂ ಅದೇ ಸಂಖ್ಯೆ ಕೂಗಿ ಹೇಳಿದರು. ಅವರು ಕಪಾಟಿನ ನಾಲ್ಕನೇ ಅಂತಸ್ತಿಗೆ ತಲೆ ತೂರಿಸಿ, ಬಿಡಿ ಸೀಸೆಗಳನ್ನು ಒಂದೊಂದಾಗಿ ಬೆರಳಲ್ಲಿ ಮುಟ್ಟಿ ಎಣಿಸಿದ್ದರು. ಇನ್ನೂ ಒಡೆಯದ ನಾಲ್ಕು ಡಬ್ಬಿಗಳನ್ನು ಹನ್ನೆರಡು, ಇಪ್ಪತ್ನಾಲ್ಕು, ಮೂವತ್ತಾರು, ನಲವತ್ತೆಂಟು ಎಂದು ಕೂಡಿಸಿದ್ದರು. ತಾಳೆ ನೋಡುವುದೇ ಅವರ ಕೆಲಸ. ತಾಳೆ ಬೀಳದಿದ್ದ ದಿನ ಅವರ ಎಡಗಣ್ಣಿನ ರೆಪ್ಪೆ ಹೊಡೆದುಕೊಳ್ಳುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಈಗ ಹೊಡೆದುಕೊಳ್ಳುತ್ತಿತ್ತು.

"ನಾವು ಹುಡುಕ್ತಾ ಇದ್ದೀವಿ ಅಂತ ಗೊತ್ತಾದ ಮೇಲೂ ಎಂಟು ಎತ್ತಿದ್ದಾರೆ. ಧೈರ್ಯ ನೋಡಿ," ಎಂದು ಏಣಿ ಇಳಿದರು.

"ಸರ್, ಒಂದು ಮಾತು. ಯಾವಾಗ ಎಣಿಸಿದ್ರೂ ಸರಿಸಂಖ್ಯೆನೇ ಬರುತ್ತೆ," ಎಂದ ಫೋರ್ಕ್‌ಲಿಫ್ಟಿನವನು. "ಕಳ್ಳ ಸಂಸಾರಸ್ಥ. ತನಗೊಂದು, ಹೆಂಡತಿಗೊಂದು."

"ಗಂಡ ಹೆಂಡತಿನೇ ಆಗ್ಬೇಕಾ?" ಹಿಂದಿನಿಂದ ಯಾರೋ ಅಂದರು. "ಅತ್ತಿಗೆ ನಾದಿನಿಗೂ ಒಂದೊಂದು ಅಂದ್ರೆ ಲೆಕ್ಕ ಸರಿಹೋಗುತ್ತಪ್ಪಾ."

ಎಲ್ಲರೂ ನಕ್ಕರು. ಗನ್ನಕ್ಕನೂ ನಕ್ಕಳು, ಆದರೆ ಉಳಿದವರ ನಗು ಮುಗಿಯುತ್ತಿದ್ದಾಗ. ಆ ಗೋದಾಮಿನಲ್ಲಿ ಅತ್ತಿಗೆ ನಾದಿನಿ ಎಂದರೆ ಒಂದೇ ಜೋಡಿ ಇತ್ತು. ಸರಕು ಒಳಬರುವ ಬಾಗಿಲಲ್ಲಿ ಅವಳು. ಪಾರ್ಸಲ್ ಕಟ್ಟುವ ಮೇಜಿನಲ್ಲಿ, ಎರಡು ತಿಂಗಳ ಹಿಂದೆ ಅವಳೇ ತಂದು ಸೇರಿಸಿದ ಅವಳ ಗಂಡನ ತಂಗಿ.

ಅದೊಂದು ವಿಚಿತ್ರ ವ್ಯಾಪಾರ. ಅಲ್ಲಿ ಏನೂ ತಯಾರಾಗುವುದಿಲ್ಲ, ಏನೂ ಮಾರಾಟವಾಗುವುದಿಲ್ಲ. ನಲವತ್ತು ಅಂಗಡಿಗಳ ಸಾಮಾನು ಒಂದೇ ತಗಡಿನ ಚಾವಣಿಯ ಕೆಳಗೆ ಮಲಗಿರುತ್ತದೆ. ಆ ಅಂಗಡಿಗಳಿಗೆ ಬಾಗಿಲಿಲ್ಲ, ಬೋರ್ಡಿಲ್ಲ. ಇರುವುದೆಲ್ಲ ಫೋನಿನ ಪರದೆಯಲ್ಲಿ. ಎಲ್ಲೋ ಕೂತ ಯಾರೋ ಪರದೆ ಒತ್ತಿದರೆ ಇಲ್ಲಿ ಒಬ್ಬ ಗಾಡಿ ತಳ್ಳಿಕೊಂಡು ಓಡುತ್ತಾನೆ, ಒಬ್ಬಳು ಟೇಪು ಹಚ್ಚಿ ಮೇಲೆ ಅಂಗಡಿಯ ಹೆಸರು ಅಂಟಿಸುತ್ತಾಳೆ. ಬಿಚ್ಚಿದವರು ಅಂಗಡಿಯವನೇ ಕೈಯಾರೆ ಕಟ್ಟಿ ಕಳಿಸಿದನೆಂದುಕೊಳ್ಳುತ್ತಾರೆ. ನಡುವಿನ ಕೈಗಳು ಯಾರಿಗೂ ಗೊತ್ತಿಲ್ಲ. ಏನಾದರೂ ಕಾಣೆಯಾದಾಗ ಮಾತ್ರ ಆ ಕೈಗಳ ನೆನಪಾಗುತ್ತದೆ.

ಕಾಣೆಯಾಗಿದ್ದದ್ದು ಬೆರಳುದ್ದದ ಸೆಂಟಿನ ಸೀಸೆಗಳು. ಅಂಗಿಯ ಜೇಬಿನಲ್ಲಿಟ್ಟರೂ ಉಬ್ಬು ಕಾಣದಷ್ಟು ಸಣ್ಣವು.

ಗನ್ನಕ್ಕನಿಗೆ ಆ ಹೆಸರು ಬಂದದ್ದು ಅವಳ ಕೈಯ ಚುರುಕಿನಿಂದ. ಲಾರಿಯಿಂದಿಳಿದ ಸರಕನ್ನು ಎಣಿಸುವುದು ಅವಳ ಪಾಲಿನ ಕೆಲಸ. ಅಂಗಡಿಯವರು ಎಷ್ಟು ಕಳಿಸಿದ್ದಾರೆಂಬ ಕಾಗದವನ್ನು ಎಣಿಸುವವರಿಗೆ ತೋರಿಸುವುದಿಲ್ಲ. ತೋರಿಸಿದರೆ ಎಣಿಸದೆಯೇ ಕಾಗದದ ಸಂಖ್ಯೆ ಬರೆದುಬಿಡುತ್ತಾರೆಂಬ ಅನುಮಾನ. ಇದಕ್ಕೆ ಕುರುಡೆಣಿಕೆ ಎನ್ನುತ್ತಾರೆ. ಒಂದೊಂದು ವಸ್ತುವಿನ ಗೆರೆಚೀಟಿಗೂ, ಅಂದರೆ ಬಾರ್‌ಕೋಡಿಗೂ, ಅದನ್ನು ಓದುವ ಗನ್ ಹಿಡಿದು 'ಪೀಪ್' ಅನಿಸಬೇಕು. ಬೇರೆಯವರು ಒಂದು ಲಾರಿಗೆ ಇಡೀ ದಿನ ತೆಗೆದುಕೊಂಡರೆ ಅವಳು ಊಟದ ಗಂಟೆಯೊಳಗೆ ಮುಗಿಸುತ್ತಿದ್ದಳು. ಹೊಸ ಪಾಳಿಗೆ ಅವಳನ್ನೇ ಮೇಲ್ವಿಚಾರಕಿ ಮಾಡುತ್ತಾರೆಂಬ ಸುದ್ದಿ ಕ್ಯಾಂಟೀನಿನಲ್ಲಿ ಆಗಲೇ ಒಂದು ಸುತ್ತು ಬಂದಿತ್ತು.

ಆ ಸಂಜೆ ಕಂಪನಿಯ ಬಸ್ಸಿನಲ್ಲಿ ನಾದಿನಿ ಹಿಂದಿನ ಸೀಟಿನಲ್ಲಿ ಪಾರ್ಸಲ್ ಮೇಜಿನ ಹೆಂಗಸರ ಜೊತೆ ಕೂತಿದ್ದಳು. ಬಸ್ಸಿಳಿದು ಓಣಿ ಹಿಡಿದಾಗ ಜೊತೆಗೂಡಿದಳು. ಗಾಳಿ ಎದುರಿನಿಂದ ಬೀಸುತ್ತಿತ್ತು. ನಾದಿನಿ ಸ್ಕಾರ್ಫನ್ನು ಬಿಗಿಮಾಡಿಕೊಂಡಳು. ಆಗ ಗನ್ನಕ್ಕನ ಮೂಗಿಗೆ ಅದು ಬಡಿಯಿತು. ಸಿಹಿಯಾದ, ಸ್ವಲ್ಪ ಒಗರಾದ, ಒದ್ದೆ ಮರದಂಥ ವಾಸನೆ.

"ಏನೇ, ಸೆಂಟು ಹಾಕ್ಕೊಂಡಿದ್ದೀಯಾ?" ಎಂದು ಕೇಳಬೇಕೆಂದು ಬಾಯಿ ತೆರೆದಳು. ಬಾಯಿಂದ ಬಂದದ್ದು ಬೇರೆ. "ತರಕಾರಿ ತಗೋಬೇಕಾ?"

"ಮನೇಲಿದೆ ಅತ್ತಿಗೆ."

ಕೇಳಿದ್ದರೆ ಉತ್ತರ ಸಿಗುತ್ತಿತ್ತು. ಉತ್ತರ ಸಿಕ್ಕಿದರೆ ಅದನ್ನು ನಂಬಬೇಕೋ ಬೇಡವೋ ತೀರ್ಮಾನಿಸಬೇಕಾಗುತ್ತಿತ್ತು. ಕೇಳದಿದ್ದರೆ ಅದು ಬರೀ ವಾಸನೆ.

ಆದರೆ ಮನೆಯಲ್ಲಿ ಗಂಡ ಬಾಯಿ ಮುಚ್ಚಿಕೊಳ್ಳಲಿಲ್ಲ. ಅವನು ಲಿಫ್ಟ್ ರಿಪೇರಿ ಮಾಡುವವನು. ದಿನವಿಡೀ ಕತ್ತಲ ಬಾವಿಯಲ್ಲಿ ಗ್ರೀಸಿನ ನಡುವೆ ಇದ್ದು ಬರುವ ಅವನ ಮೂಗು ಬೇರೆ ಎಲ್ಲ ವಾಸನೆಗೂ ಚುರುಕು. ತಂಗಿ ತಟ್ಟೆ ಇಟ್ಟು ಬಗ್ಗಿದಾಗ ತಲೆಯೆತ್ತಿ ನೋಡಿದ.

"ಯಾರಿಗೋಸ್ಕರ ಇದೆಲ್ಲ?"

"ಏನು?"

"ಏನಿಲ್ಲ ಬಿಡು. ಗಂಡನ್ನ ಬಿಟ್ಟು ಬಂದೋಳು ಘಮಘಮ ಅಂತಿದ್ರೆ ಜನ ಕೇಳ್ತಾರೆ, ಅದಕ್ಕೆ ನಾನೂ ಕೇಳಿದೆ."

ನಾದಿನಿ ಸಾರಿನ ಪಾತ್ರೆ ತರಲು ಒಳಗೆ ಹೋದಳು. ಎಂಟು ತಿಂಗಳ ಹಿಂದೆ ಒಂದು ಸೂಟ್‌ಕೇಸು ಹಿಡಿದು ಬಾಗಿಲಲ್ಲಿ ನಿಂತಾಗಲೂ ಅವಳು ಹೆಚ್ಚೇನೂ ಅಂದಿರಲಿಲ್ಲ. "ಸ್ವಲ್ಪ ದಿನ ಇರ್ತೀನಿ ಅಣ್ಣ" ಅಷ್ಟೆ. ಸ್ವಲ್ಪ ದಿನ ಎಂಬುದು ಎಷ್ಟು ದಿನವೆಂದು ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಬುಧವಾರ ಬೆಳಗ್ಗೆ ಇನ್ನೂ ಬೆಳಕು ಸರಿಯಾಗಿ ಹರಿದಿರಲಿಲ್ಲ. ಬಚ್ಚಲಿನಿಂದ ನೀರಿನ ಸದ್ದು ಕೇಳಿ ಗನ್ನಕ್ಕ ಎದ್ದು ಬಂದಳು. ಬಾಗಿಲು ಅರ್ಧ ತೆರೆದಿತ್ತು. ನಾದಿನಿ ಕುಕ್ಕರಗಾಲಲ್ಲಿ ಕೂತು ಸ್ಕಾರ್ಫನ್ನು ಮೂಗಿಗೆ ಹಿಡಿದು ನೋಡಿದಳು, ಮತ್ತೆ ಸೋಪು ಹಚ್ಚಿದಳು, ಮತ್ತೆ ಮೂಗಿಗೆ ಹಿಡಿದಳು. ಸದ್ದಾಗದಂತೆ ನೀರನ್ನು ಚೊಂಬಿನ ಅಂಚಿನಿಂದ ಸಣ್ಣಗೆ ಬಿಡುತ್ತಿದ್ದಳು.

ಗನ್ನಕ್ಕ ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಹೋದಳು. ಹಾಸಿಗೆಯಲ್ಲಿ ಮಲಗಿ ಚಾವಣಿ ನೋಡಿದಳು. ಬೇರೆ ಬಟ್ಟೆಗಳೆಲ್ಲ ಭಾನುವಾರದ ರಾಶಿಗೆ ಕಾಯುತ್ತಿರುವಾಗ ಒಂದು ಸ್ಕಾರ್ಫಿಗೆ ಮಾತ್ರ ಇಷ್ಟು ಅವಸರವೇನು?

ನಾದಿನಿ ಸ್ನಾನಕ್ಕೆ ಹೋದಾಗ ಅವಳು ಆ ಚೀಲವನ್ನು ತೆರೆದಳು. ತಾನು ಹಾಗೆ ಮಾಡುತ್ತೇನೆಂದು ಅಂದುಕೊಂಡಿರಲಿಲ್ಲ. ಕೈ ತಾನಾಗಿಯೇ ಹೋಯಿತು, ಗನ್ ಹಿಡಿದಾಗ ಹೋಗುವ ಹಾಗೆ. ಬಾಚಣಿಗೆ. ತಲೆನೋವಿನ ಮಾತ್ರೆ. ಖಾಲಿ ಊಟದ ಡಬ್ಬಿ. ಒಂದು ಮಡಚಿದ ಚೀಟಿ. ಬಿಡಿಸಿದರೆ ಯಾವುದೋ ಫೋನ್ ನಂಬರು, ಅದರ ಕೆಳಗೆ ನಾದಿನಿಯ ದುಂಡಗಿನ ಅಕ್ಷರ: 'ಒಂದು ಕೋಣೆ, ಮೇಲಿನ ಮಹಡಿ. ಮೂರು ತಿಂಗಳು ಒಂದೇ ಕಡೆ ಕೆಲಸ ಮಾಡಿದ ಪತ್ರ ಬೇಕು.'

ಸೀಸೆ ಇರಲಿಲ್ಲ. ಇದ್ದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲವೇನೋ. ಇವಳು ಹೋಗುವ ಏರ್ಪಾಡು ಮಾಡುತ್ತಿದ್ದಾಳೆ, ಒಂದು ಮಾತೂ ಹೇಳದೆ. ಇದನ್ನು ಹೇಳದವಳು ಇನ್ನೇನನ್ನು ಹೇಳದೆ ಉಳಿಸಿಕೊಂಡಿರಬಹುದು? ಒಂದು ಅನುಮಾನಕ್ಕೆ ಕೈ ಹಾಕಿದರೆ ಇನ್ನೊಂದು ಅದರ ಬಾಲ ಹಿಡಿದುಕೊಂಡೇ ಹೊರಬರುತ್ತಿತ್ತು. ಚೀಟಿ ಮಡಚಿ, ಇದ್ದಲ್ಲೇ ಇಟ್ಟಳು.

ಗುರುವಾರ ಟ್ಯಾಲಿ ಸರ್ ಅವಳನ್ನು ಗಾಜಿನ ಕೋಣೆಗೆ ಕರೆದರು. ಮೇಜಿನ ಮೇಲೆ ನಾದಿನಿಯ ಅರ್ಜಿ ಇತ್ತು. ಮೂಲೆಯಲ್ಲಿ, ಪರಿಚಯಿಸಿದವರ ಹೆಸರಿನ ಮುಂದೆ, ಅವಳದೇ ಸಹಿ.

"ಕೂತ್ಕೊಳ್ಳಿ. ನೋಡಿ, ಆ ಕಪಾಟಿನ ಮಾಲು ಹೆಚ್ಚುಕಮ್ಮಿ ಒಂದೇ ಮೇಜಿಗೆ ಹೋಗುತ್ತೆ. ಆ ಮೇಜಲ್ಲಿ ನಾಲ್ಕು ಜನ. ಮೂರು ಜನ ಐದೈದು ವರ್ಷದಿಂದ ಇರೋರು." ರೆಪ್ಪೆ ಹೊಡೆದುಕೊಂಡಿತು. "ನಾನು ಯಾರನ್ನೂ ಕಳ್ಳಿ ಅಂತಿಲ್ಲ. ನಾನು ಕೇಳೋದು ಒಂದೇ. ನೀವು ಅವರ ಪರವಾಗಿ ಹೇಳ್ತೀರಾ?"

"ಏನಂತ ಸರ್?"

"ಇವಳು ಅಂಥವಳಲ್ಲ ಅಂತ. ಅಷ್ಟೆ. ನೀವು ಹೇಳಿದ್ರೆ ನಾನು ಬರ್ಕೋತೀನಿ. ನಿಮ್ಮ ಮಾತಿಗೆ ಬೆಲೆ ಇದೆ ಇಲ್ಲಿ. ಮುಂದೆ ಇನ್ನೂ ಜಾಸ್ತಿ ಆಗೋದು."

ಗಾಜಿನಾಚೆ ಪಾರ್ಸಲ್ ಮೇಜುಗಳು ಕಾಣುತ್ತಿದ್ದವು. ಅಷ್ಟು ದೂರದಿಂದ ಯಾರ ಮುಖವೂ ಗೊತ್ತಾಗುತ್ತಿರಲಿಲ್ಲ, ಕೈಗಳು ಮಾತ್ರ ಆಡುತ್ತಿದ್ದವು. ಅತ್ತಿಗೆ ನಾದಿನಿಗೂ ಒಂದೊಂದು. ಆ ನಗು ಕಿವಿಯಲ್ಲಿತ್ತು. ಇವತ್ತು ಇವಳ ಪರ ನಿಂತು, ನಾಳೆ ಸೀಸೆ ಸಿಕ್ಕರೆ? ಬೆಳಗಿನ ಜಾವದ ಸೋಪು, ಚೊಂಬಿನ ಅಂಚಿನಿಂದ ಸಣ್ಣಗೆ ಬೀಳುತ್ತಿದ್ದ ನೀರು. ಅವಳು ಸುಳ್ಳನ್ನೇನೂ ಹೇಳಲಿಲ್ಲ.

"ಹೇಳೋಕಾಗಲ್ಲ ಸರ್," ಎಂದಳು.

ಅವರು ಬರೆದುಕೊಂಡರು. ಎರಡೇ ಪದ, ಬರೆಯಲು ಅಷ್ಟು ಹೊತ್ತು ಏಕೆ ಬೇಕಾಯಿತೋ.

ಶುಕ್ರವಾರ ನಾದಿನಿಯ ಕಾರ್ಡು ಗೇಟಿನಲ್ಲಿ ಕೆಂಪು ದೀಪ ತೋರಿಸಿತು. ಹಿಂದೆ ಸಾಲಿನಲ್ಲಿದ್ದವರು ಪಕ್ಕದ ಗೇಟಿಗೆ ಸರಿದರು. ನಾದಿನಿ ಇನ್ನೊಮ್ಮೆ ತೋರಿಸಿದಳು, ಕಾರ್ಡನ್ನು ತೊಡೆಗೆ ಒರೆಸಿ ಮತ್ತೊಮ್ಮೆ. ಕಾವಲಿನವನು ಅವಳನ್ನು ಟ್ಯಾಲಿ ಸರ್ ಬಳಿ ಕಳಿಸಿದ. ಗನ್ನಕ್ಕ ಅಷ್ಟರಲ್ಲಿ ಒಳಗಿದ್ದಳು. ಲಾರಿಯೊಂದು ಹಿಂದಕ್ಕೆ ಬರುತ್ತ ಕೂಗುತ್ತಿತ್ತು. ಆ ಕಡೆಗೇ ನೋಡಬೇಕಾದ ಅಗತ್ಯ ಆಗ ಅವಳಿಗೆ ತುಂಬ ಇತ್ತು.

ಸಂಜೆ ನಾದಿನಿ ಅಡುಗೆ ಮಾಡಿಟ್ಟು ಕೋಣೆಯ ಬಾಗಿಲು ಹಾಕಿಕೊಂಡಿದ್ದಳು. "ವಿಚಾರಣೆ ಮುಗಿಯೋವರೆಗೆ ಬರಬೇಡ ಅಂದ್ರಂತೆ," ಎಂದ ಗಂಡ, ಹೆಂಡತಿಯ ಮುಖವನ್ನೇ ನೋಡುತ್ತ. "ನೀನೇನೂ ಮಾತಾಡ್ಲಿಲ್ವಾ ಅಲ್ಲಿ?"

"ನನ್ನ ಮಾತು ಯಾರು ಕೇಳ್ತಾರೆ?" ಎಂದು ಗನ್ನಕ್ಕ ಕೈ ತೊಳೆಯಲು ಎದ್ದಳು.

ಶನಿವಾರ ಲಾರಿಗಳಿರಲಿಲ್ಲ. ಪಾರ್ಸಲ್ ಮೇಜಿನಲ್ಲಿ ಒಂದು ಕೈ ಕಡಿಮೆ ಇತ್ತು. ಹಾಗಾಗಿ ಗನ್ನಕ್ಕನನ್ನು ಅಲ್ಲಿಗೇ ಕಳಿಸಿದರು, ನಾದಿನಿಯ ಜಾಗಕ್ಕೇ. ನಾಲ್ಕು ವರ್ಷದಲ್ಲಿ ಅವಳು ಗೋದಾಮಿನ ಆ ತುದಿಯಲ್ಲಿ ಒಂದು ಗಂಟೆಯೂ ನಿಂತವಳಲ್ಲ. ಪಕ್ಕದಲ್ಲಿದ್ದವಳು ಮೇಜಿನ ಹಿರಿಯಳು, ಹಲ್ಲಿನಿಂದಲೇ ಟೇಪು ಕತ್ತರಿಸುವ ಹೆಂಗಸು. ಎಲ್ಲರೂ ಅವಳನ್ನು ಟೇಪಮ್ಮ ಎನ್ನುತ್ತಿದ್ದರು.

"ಬಾರಮ್ಮ ಗನ್ನಕ್ಕ. ಇಲ್ಲಿ ಗುರಿ ಇಡೋದಿಲ್ಲ, ಬರೀ ಗಂಟು ಕಟ್ಟೋದು," ಎಂದಳು ಟೇಪಮ್ಮ. "ಮೊದಲು ಸೆಂಟಿನ ಅಂಗಡೀದು ತಗೋ. ಡಬ್ಬ ಮಡಿಚು, ತೆಳು ಕಾಗದ ಹಾಸು. ಹಾಂ, ಹಾಂ, ಸೀಸೆ ಆಮೇಲೆ! ಮೊದಲು ಇದು." ಮೇಜಿನ ಕೆಳಗಿನಿಂದ ಗಿಡಗಳಿಗೆ ನೀರು ಚಿಮುಕಿಸುವಂಥ ಪ್ಲಾಸ್ಟಿಕ್ ಬಾಟಲಿ ತೆಗೆದಳು. "ಕಾಗದಕ್ಕೆ ಒಂದು ಸಲ ಪುಸ್ ಅನ್ನಿಸಬೇಕು. ಬಿಚ್ಚಿದ ತಕ್ಷಣ ಘಮ್ ಅನ್ನಬೇಕಂತೆ. ಅಂಗಡಿಯವರ ಹೊಸ ಕಟ್ಟಪ್ಪಣೆ. ನಾವಿಲ್ಲಿ ನಾಲ್ಕೂ ಜನ ಮದುಮಗಳ ಥರ ನಾರ್ತೀವಿ."

ಗನ್ನಕ್ಕ ಬಾಟಲಿಯನ್ನು ಕೈಗೆ ತೆಗೆದುಕೊಂಡಳು. ಒತ್ತಿದಳು. ಸಿಹಿ, ಸ್ವಲ್ಪ ಒಗರು, ಒದ್ದೆ ಮರ.

"ಯಾವಾಗಿಂದ ಇದು?"

"ಹತ್ತು ಹನ್ನೆರಡು ದಿನ ಆಯ್ತು. ಯಾಕೆ, ನಿನ್ನ ನಾದಿನಿ ಹೇಳ್ಲಿಲ್ವಾ? ಪಾಪ, ಅವಳದೇ ಗೋಳು ಜಾಸ್ತಿ. ಮನೇಲಿ ಅಣ್ಣ ಬೈತಾನೆ ಅಂತ ದಿನಾ ಬಸ್ಸು ಹತ್ತೋ ಮುಂಚೆ ಸ್ಕಾರ್ಫ್ ಒದರಿದ್ದೇ ಒದರಿದ್ದು." ಟೇಪಮ್ಮ ಹಲ್ಲಿನಿಂದ ಟೇಪು ಹರಿದಳು. "ಅವಳು ಕದ್ದಳು ಅಂದ್ರೆ ನಾನು ನಂಬಲ್ಲ ಕಣೇ. ಆದ್ರೆ ಕಳ್ಳತನ ಆಗಿರೋದಂತೂ ನಿಜ. ಸೀಸೆಗೇನು ಕಾಲು ಬಂತಾ?"

ಗನ್ನಕ್ಕ ಪಾರ್ಸಲ್ ಕಟ್ಟಿದಳು. ಪುಸ್, ಸೀಸೆ, ಮಡಿಕೆ, ಟೇಪು. ಹತ್ತು ಪಾರ್ಸಲ್ ಮುಗಿಯುವಷ್ಟರಲ್ಲಿ ಅವಳ ತೋಳು, ಕೊರಳು, ಬಾಯಿಯ ಒಳಗೂ ಆ ವಾಸನೆ ಹೊಕ್ಕಿತ್ತು. ಆದರೂ ಮನಸ್ಸು ಪೂರ್ತಿ ಒಪ್ಪಲಿಲ್ಲ. ವಾಸನೆಯೇನೋ ಸರಿ, ಸೀಸೆಗಳು? ಟೇಪಮ್ಮ ಹೇಳಿದ ಹಾಗೆ ಸೀಸೆಗೆ ಕಾಲು ಬರಲಿಲ್ಲವಲ್ಲ. ಅನುಮಾನ ಒಂದು ಕಾಲು ಕಳೆದುಕೊಂಡರೂ ಇನ್ನೊಂದರ ಮೇಲೆ ಕುಂಟುತ್ತ ನಿಂತೇ ಇತ್ತು.

ಊಟದ ನಂತರ ಒಂದು ದೊಡ್ಡ ಆರ್ಡರ್ ಬಂತು. ಯಾವುದೋ ಆಫೀಸಿನವರು ಕಾಣಿಕೆ ಕೊಡಲು ಒಂದೇ ಸಲಕ್ಕೆ ಹನ್ನೆರಡು ಸೀಸೆ ಕೇಳಿದ್ದರು. ಕಪಾಟಿನ ಕಡೆಯವನು ಗಾಡಿಯಲ್ಲಿ ಒಡೆಯದ ಡಬ್ಬಿಯನ್ನೇ ತಂದಿಟ್ಟ. "ಪೂರ್ತಿ ಡಬ್ಬಿನೇ ತಂದುಬಿಟ್ಟೆ. ಡಬ್ಬಿ ಮೇಲಿನ ಚೀಟಿಗೇ ಹನ್ನೆರಡು ಸಲ ಗನ್ ಹೊಡೆದೆ, ಕೆಲಸ ಆಯ್ತು," ಎಂದು ಗನ್ನಕ್ಕನಿಗೆ ಕಣ್ಣು ಹೊಡೆದ. "ಎಲ್ಲ ನಿಮ್ಮ ಆಶೀರ್ವಾದ."

ಆ ಉಪಾಯವನ್ನು ಗೋದಾಮಿಗೆ ತಂದವಳು ಅವಳೇ. ಒಳಗಿನ ಸೀಸೆಯ ಗೆರೆಚೀಟಿ ಡಬ್ಬಿಯ ಪಕ್ಕಕ್ಕೂ ಅಂಟಿರುತ್ತದೆ. ಡಬ್ಬಿಯೆಂದರೆ ಹನ್ನೆರಡು. ಬಿಚ್ಚುವುದೇಕೆ? ಚೀಟಿಗೆ ಗನ್ ಹಿಡಿದು ಹನ್ನೆರಡು ಸಲ ಒತ್ತಿದರೆ ಹನ್ನೆರಡು ಸೀಸೆ ಎಣಿಸಿದಂತೆಯೇ. ಯಂತ್ರಕ್ಕೆ 'ಪೀಪ್' ಬೇಕು, ಅದು ಎಲ್ಲಿಂದ ಬಂತೆಂದು ಅದು ಕೇಳುವುದಿಲ್ಲ.

ಟೇಪಮ್ಮ ಡಬ್ಬಿಯ ಟೇಪು ಸೀಳಿ ಸೀಸೆಗಳನ್ನು ಸಾಲಾಗಿ ಜೋಡಿಸಿದಳು. ಬೆರಳು ಆಡಿಸಿದಳು. ಮತ್ತೆ ಆಡಿಸಿದಳು.

"ಅಯ್ಯೋ ಶಿವನೇ. ಇದರಲ್ಲೂ ಎರಡು ಎತ್ತಿದ್ದಾರೆ!"

ಮೇಜಿನವರೆಲ್ಲ ಬಂದು ಬಗ್ಗಿದರು. ಹತ್ತು ಸೀಸೆ. "ಅವಳು ನಿನ್ನೆಯಿಂದ ಬಂದೇ ಇಲ್ವಲ್ಲ," ಎಂದರು ಒಬ್ಬರು. "ಹೋಗೋ ಮುಂಚೆ ಎತ್ತಿಟ್ಟಿರ್ತಾಳೆ," ಎಂದರು ಇನ್ನೊಬ್ಬರು. "ಹಾಗಾದ್ರೆ ಟೇಪು ಹೆಂಗಿತ್ತು ಹಂಗೇ ಇತ್ತಲ್ಲ! ನಾನೇ ಸೀಳಿದ್ದು," ಎಂದಳು ಟೇಪಮ್ಮ. ಟೇಪಿನ ವಿಷಯದಲ್ಲಿ ಅವಳ ಮಾತಿಗೆ ಎದುರಾಡುವವರಿರಲಿಲ್ಲ.

ಗನ್ನಕ್ಕ ಖಾಲಿ ಡಬ್ಬಿಯೊಳಗೆ ಕೈ ಹಾಕಿದಳು. ಒಂದು ಪಕ್ಕದಲ್ಲಿ, ಎರಡು ಸೀಸೆಯಷ್ಟು ಜಾಗದಲ್ಲಿ, ರಟ್ಟಿನ ತುಂಡೊಂದನ್ನು ಮೂರು ಮಡಿಕೆ ಮಾಡಿ ಬಿಗಿಯಾಗಿ ತುರುಕಿತ್ತು. ಅಲುಗಾಡದ ಹಾಗೆ. ಕಾರ್ಖಾನೆಯಲ್ಲೇ ಇಟ್ಟದ್ದು, ಮಡಿಕೆಯ ಗೆರೆಗಳು ಯಂತ್ರದ್ದು.

ಹತ್ತು. ಈ ಸಲದ ಡಬ್ಬಿಗಳಲ್ಲಿ ಬಂದದ್ದೇ ಹತ್ತು.

ಹದಿನೈದು ಡಬ್ಬಿ ಬಂದಿದ್ದವು. ಅವಳು ಬಾಗಿಲಲ್ಲಿ ನಿಂತು, ಒಂದನ್ನೂ ಬಿಚ್ಚದೆ, ನೂರೆಂಬತ್ತು ಸಲ ಪೀಪ್ ಅನ್ನಿಸಿದ್ದಳು. ಮೂರು ನಿಮಿಷವೂ ಹಿಡಿದಿರಲಿಲ್ಲ. ಮಾರಾಟಕ್ಕೆಂದು ಒಂದೊಂದು ಡಬ್ಬಿ ಒಡೆದಾಗಲೂ ಎರಡೆರಡು ಕಡಿಮೆ ಕಂಡಿತ್ತು: ಏಳು ಒಡೆದಾಗ ಹದಿನಾಲ್ಕು, ಹನ್ನೊಂದು ಒಡೆದಾಗ ಇಪ್ಪತ್ತೆರಡು. ಕಳ್ಳ ಸಂಸಾರಸ್ಥ.

ಅವಳು ಸುಮ್ಮನಿದ್ದಿದ್ದರೆ ಆ ರಟ್ಟಿನ ತುಂಡು ಕಸದ ಬುಟ್ಟಿಗೆ ಹೋಗುತ್ತಿತ್ತು. ಬುಟ್ಟಿ ಮೊಣಕಾಲಿನ ಪಕ್ಕದಲ್ಲೇ ಇತ್ತು. ಅದರಲ್ಲಿ ಅಂಥವೇ ಇನ್ನೆಷ್ಟೋ ರಟ್ಟುಗಳಿದ್ದವು. ಅವಳು ಅಷ್ಟು ಹೊತ್ತು ಏನು ಯೋಚಿಸಿದಳೆಂದು ಆಮೇಲೆ ಅವಳಿಗೇ ನೆನಪಾಗಲಿಲ್ಲ. "ಏನಮ್ಮಾ, ಡಬ್ಬೀಲಿ ಭವಿಷ್ಯ ನೋಡ್ತಿದ್ದೀಯಾ?" ಎಂದು ಟೇಪಮ್ಮ ಕೇಳಿದ್ದು ಮಾತ್ರ ನೆನಪಿತ್ತು.

ಡಬ್ಬಿ ಎತ್ತಿಕೊಂಡು ಗಾಜಿನ ಕೋಣೆಗೆ ಹೋದಳು.

ಟ್ಯಾಲಿ ಸರ್ ಪೂರ್ತಿ ಕೇಳಿದರು. ರಟ್ಟನ್ನು ತಿರುಗಿಸಿ ನೋಡಿ ಮೇಜಿನ ಮೇಲಿಟ್ಟರು.

"ಮೊನ್ನೆ ಹೇಳೋಕಾಗಲ್ಲ ಅಂದ್ರಿ."

"ಹೌದು ಸರ್."

"ಇವತ್ತು ಎಲ್ಲ ನನ್ನದೇ ತಪ್ಪು ಅಂತೀರಿ. ಮನೇಲಿ ಜಗಳ ಆಯ್ತಾ?"

"ಇಲ್ಲ ಸರ್. ಇನ್ನೂ ಮೂರು ಡಬ್ಬಿ ಒಡೆದಿಲ್ಲ ನೋಡಿ, ಅದರಲ್ಲೂ ಎರಡೆರಡು ಕಡಿಮೆ ಬರುತ್ತೆ. ಆಮೇಲೆ ಮೂವತ್ತಕ್ಕೆ ನಿಲ್ಲುತ್ತೆ."

"ಎಷ್ಟಕ್ಕೆ ನಿಲ್ಲುತ್ತೆ ಅಂತ ಕಳ್ಳನಿಗೆ ಮಾತ್ರ ಗೊತ್ತಿರುತ್ತಮ್ಮ," ಎಂದರು ಅವರು, ಕಟುವಾಗಿ ಅಲ್ಲ, ಒಂದು ಹಳೆಯ ನಿಯಮ ನೆನಪಿಸುವವರ ಹಾಗೆ.

ಅವಳಿಗೆ ನಗು ಬಂತು. ಅನುಮಾನ ಹೇಳಿದ ದಿನ ನಂಬಿದ್ದರು. ನಿಜ ಹೇಳಿದ ದಿನ ಅನುಮಾನಿಸುತ್ತಿದ್ದರು. "ಬನ್ನಿ ಸರ್," ಎಂದಳು. "ನೀವೇ ಒಡೀರಿ. ನಾನು ಮುಟ್ಟೋದೂ ಇಲ್ಲ."

ಅವಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕಪಾಟಿನ ಕೆಳಗೆ ನಿಂತಳು. ಟ್ಯಾಲಿ ಸರ್ ಏಣಿ ಹತ್ತಿ ಮೂರು ಡಬ್ಬಿಗಳನ್ನು ಒಂದೊಂದಾಗಿ ಸೀಳಿದರು. ಹತ್ತು. ರಟ್ಟು. ಹತ್ತು. ರಟ್ಟು. ಮೂರನೆಯದನ್ನು ಎಣಿಸಿದ ಮೇಲೆ ಅವರು ತುಂಬ ಹೊತ್ತು ಇಳಿಯಲಿಲ್ಲ. ಅಲ್ಲೇ ಮೇಲೆ ನಿಂತು ಫೋನಿನಲ್ಲಿ ಏನನ್ನೋ ತೆರೆದರು.

"ಅಂಗಡಿಯವರ ಕಾಗದದಲ್ಲಿ ನೂರೈವತ್ತೇ ಇದೆ," ಎಂದರು ಕೊನೆಗೆ.

"ಹಂಗಾದ್ರೆ ಅವತ್ತೇ ಗೊತ್ತಾಗಬೇಕಿತ್ತಲ್ಲ ಸರ್?"

"ನಿಮ್ಮ ಎಣಿಕೆ ಕಾಗದಕ್ಕಿಂತ ಕಡಿಮೆ ಬಂದ್ರೆ ಕೆಂಪಗೆ ತೋರಿಸುತ್ತೆ, ನಾನು ನೋಡ್ತೀನಿ. ಜಾಸ್ತಿ ಬಂದ್ರೆ ಅಂಗಡಿಯವರಿಗೆ ಹೋಗುತ್ತೆ, ಒಪ್ಪಿಗೆನಾ ಅಂತ. ಅವರು ಒಪ್ಪಿಗೆ ಅಂತ ಒತ್ತಿದ್ದಾರೆ." ರೆಪ್ಪೆ ಹೊಡೆದುಕೊಳ್ಳುವುದು ನಿಂತಿತ್ತು. "ಕಳಿಸಿದ್ದು ನೂರೈವತ್ತು, ಸಿಕ್ಕಿತು ನೂರೆಂಬತ್ತು ಅಂದ್ರೆ ಒಪ್ಪಿಗೆ. ಈಗ ಕಾಣೆಯಾದ ಸೀಸೆ ಎಲ್ಲಿ ಅಂತ ದಿನಾ ನನಗೇ ಫೋನು. ಅವರು ಗೊತ್ತಿಲ್ದೆ ಒತ್ತಿದ್ರೋ, ಗೊತ್ತಿದ್ದೇ ಒತ್ತಿದ್ರೋ..."

ಮಾತು ಪೂರ್ತಿ ಮಾಡಲಿಲ್ಲ. ಅದನ್ನು ಪೂರ್ತಿ ಮಾಡಬಲ್ಲವರು ಆ ಗೋದಾಮಿನಲ್ಲಿ ಯಾರೂ ಇರಲಿಲ್ಲ.

ಇಳಿದು ಬಂದು ಕೈ ಚಾಚಿದರು. ಸೊಂಟದ ಪಟ್ಟಿಗೆ ಸಿಕ್ಕಿಸಿದ್ದ ಗನ್ನನ್ನು ಅವಳು ಬಿಚ್ಚಿ ಕೊಟ್ಟಳು. "ಸೋಮವಾರದಿಂದ ಪಾರ್ಸಲ್ ಮೇಜಿಗೆ ಹೋಗಿ. ಹೊಸ ಪಾಳಿ ವಿಷಯ... ಅದು ಬೇರೆ ನೋಡೋಣ." ಸ್ವಲ್ಪ ತಡೆದು, "ನಿಮ್ಮ ನಾದಿನಿಗೂ ಬರೋಕೆ ಹೇಳಿ," ಎಂದರು. ಕ್ಷಮೆಯಂಥದ್ದೇನೂ ಆ ಮಾತಿನಲ್ಲಿರಲಿಲ್ಲ. ಕಾರ್ಡು ಹಸಿರು ದೀಪ ತೋರಿಸುತ್ತದೆ, ಅಷ್ಟೆ.

ಆ ಸಂಜೆ ನಾದಿನಿ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದಳು. ಗಂಡ ಇನ್ನೂ ಬಂದಿರಲಿಲ್ಲ. ಗನ್ನಕ್ಕ ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದಳು: ಡಬ್ಬಿ, ರಟ್ಟು, ನೂರೆಂಬತ್ತು ಪೀಪು. ಹೇಳುತ್ತ ಹೇಳುತ್ತ ತನ್ನ ಮೈಯಿಂದಲೇ ಆ ವಾಸನೆ ಏಳುತ್ತಿರುವುದು ಅವಳಿಗೆ ಗೊತ್ತಾಗುತ್ತಿತ್ತು. ನಾದಿನಿಯೂ ತಲೆಯೆತ್ತಿ ಒಮ್ಮೆ ಉಸಿರೆಳೆದುಕೊಂಡಳು.

"ತಪ್ಪು ನಂದೇ ಕಣೇ. ಪೂರ್ತಿ ನಂದೇ. ಸೋಮವಾರದಿಂದ ಬಾ ಅಂದಿದ್ದಾರೆ."

"ಸರಿ."

"ಸರಿ ಅಂದ್ರೆ?"

"ಬರ್ತೀನಿ. ಕೆಲಸ ಬೇಕಲ್ಲ." ಒಂದು ಕಾಯಿ ಬಿಡಿಸಿದಳು. ಕಾಳುಗಳು ಪಾತ್ರೆಗೆ ಬಿದ್ದವು. "ಎಣಿಕೆ ತಪ್ಪೋದು ಯಾರಿಗಾದ್ರೂ ಆಗುತ್ತೆ ಅತ್ತಿಗೆ. ಅದಕ್ಕೆ ನಾನೇನೂ ಅಂದ್ಕೊಳ್ಳಲ್ಲ."

ಗನ್ನಕ್ಕ ಕಾಯುತ್ತಿದ್ದಳು.

"ಅವರು ನನ್ನ ಏನೂ ಕೇಳ್ಲಿಲ್ಲ. ನಾನು ಬಾಯಿ ತೆಗೆಯೋ ಮೊದಲೇ ಹೇಳಿದ್ರು, ನಿಮ್ಮ ಮನೆಯವರೇ ಹೇಳೋಕಾಗಲ್ಲ ಅಂದಿದ್ದಾರೆ, ಇನ್ನು ನಾವೇನು ಹೇಳೋದು ಅಂತ." 'ಹೇಳೋಕಾಗಲ್ಲ' ಎಂಬುದನ್ನು ಅವಳು ಗನ್ನಕ್ಕನದೇ ಧಾಟಿಯಲ್ಲಿ ಅಂದಳು, ಅಣಕಿಸಲು ಅಲ್ಲ, ಸರಿಯಾಗಿ ನೆನಪಿಟ್ಟುಕೊಂಡವಳ ಹಾಗೆ.

"ಸ್ಕಾರ್ಫು... ನೀನು ಬೆಳಗಿನ ಜಾವ ಎದ್ದು ಅದನ್ನ ಒಗೀತಿದ್ದೆ. ನಾನು ನೋಡಿದೆ. ನನಗೇನು ಗೊತ್ತು, ಅಲ್ಲಿ ಕಾಗದಕ್ಕೆ ಸೆಂಟು ಹೊಡೀತಾರೆ ಅಂತ."

"ಕೇಳಿದ್ರೆ ಹೇಳ್ತಿದ್ದೆ."

"ನೀನು ಕೋಣೆ ನೋಡ್ತಿರೋದನ್ನ ಹೇಳಿದ್ಯಾ?"

ಅಂದ ಮೇಲೆ ಅವಳಿಗೆ ತಾನೇನಂದೆನೆಂದು ತಿಳಿಯಿತು. ನಾದಿನಿ ಮುಖ ಎತ್ತಲಿಲ್ಲ. ಬಟಾಣಿಯ ಸಿಪ್ಪೆಯನ್ನು ಉಗುರಿನಿಂದ ಉದ್ದಕ್ಕೆ ಗೀರುತ್ತ ಹೇಳಿದಳು:

"ಪತ್ರ ಕೈಗೆ ಬಂದ ಮೇಲೆ ಹೇಳೋಣ ಅಂತಿದ್ದೆ. ಆ ಚೀಟೀನ ನಾನು ಉದ್ದಕ್ಕೆ ಮಡಚ್ತೀನಿ ಅತ್ತಿಗೆ. ನೀವು ನಾಲ್ಕು ಮಡಿಕೆ ಮಾಡಿ ಇಟ್ಟಿದ್ರಿ. ಬುಧವಾರವೇ ಗೊತ್ತಾಯ್ತು."

ಕುಕ್ಕರಿನ ಪಕ್ಕದಲ್ಲಿ ಹಾಲು ಉಕ್ಕಲು ಶುರುವಾಗಿತ್ತು. ಇಬ್ಬರೂ ಒಟ್ಟಿಗೇ ಕೈ ಚಾಚಿದರು. ನಾದಿನಿ ತನ್ನ ಕೈ ಹಿಂದಕ್ಕೆ ತೆಗೆದುಕೊಂಡಳು. ಗನ್ನಕ್ಕ ಒಲೆ ಆರಿಸಿದಳು.

ಸೋಮವಾರ ಬೆಳಗ್ಗೆ ಗನ್ನಕ್ಕ ಊಟದ ಡಬ್ಬಿಗೆ ಮುಚ್ಚಳ ಹಾಕುತ್ತಿರುವಾಗಲೇ ಹೊರಬಾಗಿಲಿನ ಸದ್ದಾಯಿತು. ಬಸ್ಸಿಗೆ ಇನ್ನೂ ಇಪ್ಪತ್ತೈದು ನಿಮಿಷವಿತ್ತು. ನಿಲ್ದಾಣಕ್ಕೆ ಹತ್ತು ನಿಮಿಷದ ದಾರಿ. ಅವಳು ಚೀಲ ಹೆಗಲಿಗೆ ಹಾಕಿಕೊಂಡು, ಅರ್ಧ ಹಾಕಿದ ಗುಂಡಿಯನ್ನು ನಡೆಯುತ್ತಲೇ ಸರಿಮಾಡಿಕೊಂಡು ಓಣಿಗಿಳಿದಳು.

ನಾದಿನಿ ಆಗಲೇ ನಾಲ್ಕು ವಿದ್ಯುತ್ ಕಂಬಗಳಷ್ಟು ಮುಂದಿದ್ದಳು. ಅವಸರದ ನಡಿಗೆಯೇನಲ್ಲ. ಅಂಗಡಿಗಳ ಬಾಗಿಲುಗಳು ಇನ್ನೂ ಮುಚ್ಚಿದ್ದವು. ಓಣಿಯಲ್ಲಿ ಅವರಿಬ್ಬರನ್ನು ಬಿಟ್ಟರೆ, ಮನೆಯ ಮುಂದೆ ಕಾರು ತೊಳೆಯುತ್ತಿದ್ದ ಒಬ್ಬ ಮುದುಕ. ಗನ್ನಕ್ಕ ಬಿರುಸಾಗಿ ನಡೆದಳು. ನಾಲ್ಕು ಕಂಬ ಮೂರಾಯಿತು, ಎರಡಾಯಿತು. ಹೆಸರು ಹಿಡಿದು ಕೂಗುವಷ್ಟು ಹತ್ತಿರ. ಕೂಗಲಿಲ್ಲ.

ತಿರುವಿಗೆ ಮೊದಲು ನಾದಿನಿ ನಿಂತಳು. ಚೀಲವನ್ನು ಗೋಡೆಗೆ ಒರಗಿಸಿ, ಬಗ್ಗಿ, ಚಪ್ಪಲಿಯ ಪಟ್ಟಿಗೆ ಕೈ ಹಾಕಿದಳು.

ಗನ್ನಕ್ಕನೂ ನಿಂತಳು. ಎರಡು ಕಂಬಗಳ ಅಂತರ. ಮುಂದೆ ಹೋದರೆ ಪಕ್ಕದಲ್ಲಿ ನಿಂತು ಏನಾದರೂ ಅನ್ನಬೇಕು. ಇಲ್ಲೇ ನಿಂತರೆ ಇಲ್ಲೇ ನಿಂತದ್ದು ಅವಳಿಗೆ ಕಾಣುತ್ತದೆ. ಮುದುಕ ಬಕೆಟ್ಟಿನ ನೀರನ್ನು ರಸ್ತೆಗೆ ಚೆಲ್ಲಿದ. ನೀರು ಇಳಿಜಾರು ಹಿಡಿದು ನಾದಿನಿಯ ಕಡೆಗೆ ನಿಧಾನವಾಗಿ ಹರಿಯತೊಡಗಿತು.

ನಾದಿನಿ ತಿರುಗಿ ನೋಡಲಿಲ್ಲ. ನೀರು ಅವಳ ಹಿಮ್ಮಡಿಯ ಹತ್ತಿರ ಬಂತು. ಆಗಲೂ ಏಳಲಿಲ್ಲ, ಕಾಲನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿ ನೀರಿಗೆ ದಾರಿ ಬಿಟ್ಟು, ಬಗ್ಗಿಯೇ ಇದ್ದಳು. ಒಂದು ಚಪ್ಪಲಿಯ ಪಟ್ಟಿ ಬಿಗಿಯಲು ಅಷ್ಟು ಹೊತ್ತು ಬೇಕಾಗುವುದಿಲ್ಲ.